ನೀವು ಬರೆಯದೆ ಬಿಟ್ಟ ಒಂದು ಬಿಟ್

ಚಿಪ್‌ಗಳ ಕೈಪಿಡಿ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಇಟ್ಟಂಗಿಹಾಳ, ವಿಜಯಪುರ ಜಿಲ್ಲೆ

ಚಿಪ್‌ಗಳ ಕೈಪಿಡಿ ಬರೆಯುವ ಅಣ್ಣಂದಿರಿಗೆ, ಅಕ್ಕಂದಿರಿಗೆ,



ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಕೈಪಿಡಿಯ ಮೇಲೆ ಕಂಪನಿಯ ಹೆಸರಿರುತ್ತದೆ, ಬರೆದವರ ಹೆಸರಿರುವುದಿಲ್ಲ. ಆದರೆ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಜಗತ್ತಿನ ದೊಡ್ಡ ದೊಡ್ಡ ಚಿಪ್ ಕಂಪನಿಗಳು ಒಂದರ ಹಿಂದೆ ಒಂದು ಅಲ್ಲಿಗೆ ಬಂದು ನೆಲೆಸಿವೆ. ನಾನು ದಿನಬೆಳಗಾದರೆ ತೆರೆಯುವ ಇಂಗ್ಲಿಷ್ ಕೈಪಿಡಿಯ ಎಷ್ಟೋ ಪುಟಗಳನ್ನು ಮನೆಯಲ್ಲಿ ಕನ್ನಡ ಆಡುವವರೇ ಬರೆದಿರಬಹುದು. ಆ ನಂಬಿಕೆಯಿಂದಲೇ ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಬರೆಯುವುದು ಡ್ರೈವರ್. ಚಿಪ್ಪಿನ ಒಂದೊಂದು ಭಾಗವನ್ನೂ ಆಪರೇಟಿಂಗ್ ಸಿಸ್ಟಂ ಜೊತೆ ಮಾತಾಡಿಸುವ ತಂತ್ರಾಂಶಕ್ಕೆ ಆ ಹೆಸರು. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಅದೇ ಕೆಲಸ ಮಾಡಿ, ಅಪ್ಪನಿಗೆ ತೋಟ ನೋಡಿಕೊಳ್ಳುವುದು ಆಗದಂತಾದಾಗ ಊರಿಗೆ ಬಂದೆ. ಈಗ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳಿಗೆ ಡ್ರಿಪ್ ನಡೆಸುವ ಸಣ್ಣ ಪೆಟ್ಟಿಗೆ ಮಾಡಿಕೊಡುತ್ತೇನೆ. ಒಳಗೆ ಉಗುರಿನಷ್ಟು ಚಿಪ್, ಅದರಲ್ಲಿ ಲಿನಕ್ಸ್, ಒಂದು ಸಿಮ್. ರಾತ್ರಿ ತ್ರೀಫೇಸ್ ಕರೆಂಟ್ ಬಂದ ಕೂಡಲೇ ಮೋಟರ್ ಚಾಲೂ ಮಾಡಿ, ಸರದಿ ಪ್ರಕಾರ ವಾಲ್ವ್ ತೆರೆದು, ರೈತನ ಮೊಬೈಲ್‌ಗೆ ಸುದ್ದಿ ಕಳಿಸುತ್ತದೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಬಳ್ಳಿ ಹೂವಿಗೆ ಬಂದಾಗ ನೀರಿನ ಲೆಕ್ಕ ತಪ್ಪಿದರೆ ವರ್ಷದ ದುಡಿಮೆ ಮಣ್ಣುಪಾಲು. ಹಾಗಾಗಿ ಆ ಪೆಟ್ಟಿಗೆ ತೋಟದವನ ಮಾತನ್ನಷ್ಟೇ ಕೇಳಬೇಕು. ಅದಕ್ಕೆಂದೇ ಪ್ರತಿ ಪೆಟ್ಟಿಗೆಯೂ ಮೊದಲ ಸಲ ಚಾಲೂ ಆದಾಗ ತನಗೆ ತಾನೇ ಒಂದು ಕೀಲಿಕೈ ಮಾಡಿಕೊಳ್ಳುತ್ತದೆ. ಬೇರೆ ಯಾರೂ ಊಹಿಸಲಾಗದ ದೊಡ್ಡ ಸಂಖ್ಯೆ ಅದು. ಆ ಸಂಖ್ಯೆ ಹುಟ್ಟುವುದು ಚಿಪ್ಪಿನೊಳಗಿನ ಹಾರ್ಡ್‌ವೇರ್ ರ‍್ಯಾಂಡಮ್ ನಂಬರ್ ಜನರೇಟರ್‌ನಲ್ಲಿ. ನನ್ನ ಚಿಪ್ಪಿನ ಕೈಪಿಡಿಯಲ್ಲಿ ಅದಕ್ಕೆ ಸಿಕ್ಕಿರುವುದು ಅರ್ಧ ಪುಟ.

ಕಳೆದ ಮಳೆಗಾಲದಲ್ಲಿ 24 ಪೆಟ್ಟಿಗೆ ತಯಾರಾಗಿದ್ದವು. ಪಡಸಾಲೆಯಲ್ಲಿ ಸಾಲಾಗಿ ಇಟ್ಟುಕೊಂಡು, ಒಂದೊಂದಕ್ಕೇ ಕರೆಂಟ್ ಕೊಟ್ಟು, ಸರ್ವರ್‌ನಲ್ಲಿ ನೋಂದಾಯಿಸುತ್ತ ಹೋದೆ. ಏಳನೆಯ ಪೆಟ್ಟಿಗೆಗೆ ಸರ್ವರ್ ಒಲ್ಲೆ ಅಂದಿತು. ಈ ಕೀಲಿಕೈ ಆಗಲೇ ನೋಂದಣಿಯಾಗಿದೆ ಎಂಬ ಸಂದೇಶ. ನೋಡಿದರೆ ಅದು ಮೂರನೆಯ ಪೆಟ್ಟಿಗೆಯ ಕೀಲಿಕೈ. ಪೆಟ್ಟಿಗೆ ಎರಡು, 256 ಬಿಟ್‌ನ ಸಂಖ್ಯೆ ಒಂದೇ.

ನನ್ನದೇ ತಪ್ಪಿರಬೇಕೆಂದು ಅವತ್ತು ಪೂರ್ತಿ ನನ್ನ ಕೋಡ್ ಓದಿದೆ. ಮರುದಿನ ಒಂದೇ ಪೆಟ್ಟಿಗೆ ಹಿಡಿದು ಕೂತೆ. ಕರೆಂಟ್ ತೆಗೆಯುವುದು, ಅರ್ಧ ತಾಸು ತಣ್ಣಗಾಗಲು ಬಿಡುವುದು, ಮತ್ತೆ ಚಾಲೂ ಮಾಡಿ ಜನರೇಟರ್ ಕೊಡುವ ಮೊದಲ ಎಂಟು ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಕತ್ತಲಾಗುವ ಹೊತ್ತಿಗೆ ಹದಿನಾರು ಸಾಲು ಆದವು. ಹದಿನಾರೂ ಸಾಲಿನಲ್ಲಿ ಅವೇ ಎಂಟು ಸಂಖ್ಯೆ, ಅದೇ ಕ್ರಮ. ಕ್ಷಣ ತಡೆದು ಓದಿದರೆ ಮಾತ್ರ ಬೇರೆ ಬೇರೆ ಬರುತ್ತಿದ್ದವು. ಜನರೇಟರ್ ಇನ್ನೂ ಎಚ್ಚರಾಗುವ ಮೊದಲೇ ಅದನ್ನು ಓದಿದರೆ ಬದಲಾಗದ ಒಂದೇ ಸರಣಿ ಸಿಗುತ್ತದೆ ಎಂದಾಯಿತು. ನಾನು ಕೀಲಿಕೈ ಮಾಡುವುದು ಲಿನಕ್ಸ್ ಏಳುವುದಕ್ಕೂ ಮೊದಲು, ಬೂಟ್‌ಲೋಡರ್ ಹಂತದಲ್ಲಿ. ಅಲ್ಲಿ ಬೇರೆ ಆಸರೆ ಇಲ್ಲ. ಸ್ವಲ್ಪ ತಡವಾಗಿ ಎದ್ದ ಪೆಟ್ಟಿಗೆಗಳು ಪಾರಾಗಿದ್ದವು, ಬೇಗ ಎದ್ದ ಎರಡು ಸಿಕ್ಕಿಬಿದ್ದಿದ್ದವು.

ಆಮೇಲೆ ಜನರೇಟರಿನ ಸ್ಥಿತಿ ಹೇಳುವ ಸ್ಟೇಟಸ್ ರಿಜಿಸ್ಟರ್ ಅನ್ನು ಮತ್ತೆ ಮತ್ತೆ ಓದಿ ಪರದೆಯ ಮೇಲೆ ಹರಿಯಬಿಟ್ಟೆ. ಅದರ 32 ಬಿಟ್‌ಗಳ ಮನೆಗಳಲ್ಲಿ ಒಂದು ಮನೆ ಸೊನ್ನೆಯಿಂದ ಒಂದಕ್ಕೆ ತಿರುಗಿದ ಗಳಿಗೆಯಿಂದಲೇ ಸಂಖ್ಯೆಗಳು ಬೇರೆ ಬೇರೆ ಬರತೊಡಗುತ್ತಿದ್ದವು. ಪ್ರತಿ ಸಲವೂ ಹಾಗೆಯೇ. ಕೈಪಿಡಿ ತೆರೆದು ಆ ಮನೆಯ ಎದುರಿನ ಸಾಲು ನೋಡಿದೆ. ‘ರಿಸರ್ವ್ಡ್’ ಎಂದಿತ್ತು. ಕೆಳಗೆ ಡೇಟಾ ರಿಜಿಸ್ಟರ್‌ಗೆ ಒಂದೇ ವಾಕ್ಯ: 32 ಬಿಟ್ ರ‍್ಯಾಂಡಮ್ ಸಂಖ್ಯೆ, ಓದಲು ಮಾತ್ರ.

ಆ ಮನೆಗೆ ಒಂದು ಹೆಸರು ಬರೆದಿದ್ದರೆ ನನ್ನ ಎರಡು ದಿನ ಉಳಿಯುತ್ತಿದ್ದವು ಎಂಬುದು ಸಣ್ಣ ಮಾತು. ನಕಲು ಕೀಲಿಕೈ ಹಿಡಿಯುವ ಒಂದು ಸಾಲು ಸರ್ವರ್‌ನಲ್ಲಿ ಇಲ್ಲದಿದ್ದರೆ ಆ ಎರಡು ಪೆಟ್ಟಿಗೆ ಎರಡು ತೋಟಕ್ಕೆ ಹೋಗುತ್ತಿದ್ದವು. ಒಬ್ಬರ ಮೋಟರ್ ಇನ್ನೊಬ್ಬರ ಕೈಯಲ್ಲಿರುತ್ತಿತ್ತು. ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ, ನನಗೂ ಗೊತ್ತಾಗುತ್ತಿರಲಿಲ್ಲ.

ಈ ಗೊತ್ತಾಗದಿರುವುದೇ ನನ್ನ ಪತ್ರದ ವಿಷಯ. ನಿಮ್ಮ ಚಿಪ್ಪಿನಲ್ಲಿ ನೂರೆಂಟು ಭಾಗಗಳಿವೆ. ಟೈಮರ್ ತಪ್ಪಿದರೆ ಗಡಿಯಾರ ತೋರಿಸುತ್ತದೆ. ಸೀರಿಯಲ್ ಪೋರ್ಟ್ ತಪ್ಪಿದರೆ ಅಕ್ಷರ ಕೆಡುತ್ತದೆ. ಅವುಗಳ ಬಗ್ಗೆ ನೀವು ಕಡಿಮೆ ಬರೆದರೂ ತಡಕಾಡಿ ಸರಿಪಡಿಸಿಕೊಳ್ಳುತ್ತೇವೆ. ರ‍್ಯಾಂಡಮ್ ಜನರೇಟರ್ ಹಾಗಲ್ಲ. ಅದು ಕೊಟ್ಟ ಸಂಖ್ಯೆ ನೋಡಿ ಅದು ಸರಿಯೋ ತಪ್ಪೋ ಹೇಳಲು ಬರುವುದಿಲ್ಲ. ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗಿ ಪ್ರತಿಯೊಂದನ್ನೂ ಒಳ್ಳೆಯ ಗೂಢಲಿಪಿಯಲ್ಲಿ ಅದ್ದಿ ತೆಗೆದರೆ ಆ ಸಾಲು ಎಲ್ಲ ಅಂಕಿ-ಅಂಶ ಪರೀಕ್ಷೆಗಳನ್ನೂ ದಾಟುತ್ತದೆ. ಆದರೆ ಒಳಗಿನ ಗುಟ್ಟು ಬಲ್ಲವನಿಗೆ ಮುಂದಿನ ಸಂಖ್ಯೆ ಈಗಲೇ ಗೊತ್ತು. ಹೊರಗೆ ನಿಂತವರಿಗೆ ಒಂದೇ ಆಧಾರ: ಸಂಖ್ಯೆ ಹೇಗೆ ಹುಟ್ಟಿತು ಎಂಬ ಬರಹ. ಆ ಬರಹ ಬರೆಯಬೇಕಾದವರು ನೀವು.

ನಮ್ಮ ಓಣಿಯ ಹೆಂಗಸರು ಭಿಶಿ ನಡೆಸುತ್ತಾರೆ. ತಿಂಗಳಿಗೊಮ್ಮೆ ದುಡ್ಡು ಕೂಡಿಸಿ, ಚೀಟಿ ಎತ್ತಿ, ಹೆಸರು ಬಂದವರಿಗೆ ಗಂಟು ಕೊಡುವ ವ್ಯವಹಾರ. ನಮ್ಮ ಮನೆಯಲ್ಲೇ ಎಷ್ಟೋ ಸಲ ಕೂತು ನೋಡಿದ್ದೇನೆ. ಒಂದೇ ಹಾಳೆಯನ್ನು ಎಲ್ಲರೆದುರು ಹರಿದು, ಹೆಸರು ಬರೆದು, ಓದಿ ಹೇಳಿ, ಮಡಚಿ ಸ್ಟೀಲ್ ಡಬ್ಬಿಗೆ ಹಾಕುತ್ತಾರೆ. ಡಬ್ಬಿ ಅಲುಗಾಡಿಸಿ ಓಣಿಯ ಸಣ್ಣ ಹುಡುಗಿಯ ಕೈಯಲ್ಲಿ ಎತ್ತಿಸುತ್ತಾರೆ. ಒಮ್ಮೆ ಒಂದು ಚೀಟಿ ದಪ್ಪ ಮಡಿಕೆಯಾಗಿತ್ತು. ಹಿರಿಯ ಚಿಗವ್ವ ಒಬ್ಬಳು, “ಅದು ಕೈಗೆ ಹತ್ತತೈತಿ, ತಗೀರಿ, ಎಲ್ಲಾ ಹೊಸದಾಗಿ ಬರೀರಿ” ಅಂದಳು. ಯಾರೂ ಮುನಿಸಿಕೊಳ್ಳಲಿಲ್ಲ. ಎಲ್ಲ ಚೀಟಿ ಸುರುವಿ ಮತ್ತೆ ಬರೆದರು. ಬಂದ ಹೆಸರು ಸರಿಯಾದದ್ದೇ ಎಂದು ಆ ಹೆಸರು ನೋಡಿ ಹೇಳಲಾಗದು, ಚೀಟಿ ಮಾಡಿದ ರೀತಿ ನೋಡಿಯೇ ಹೇಳಬೇಕು ಎಂಬುದು ಅವರೆಲ್ಲರಿಗೂ ಗೊತ್ತಿತ್ತು.

ಚುನಾವಣಾ ಆಯೋಗ ಚೀಟಿ ಮಾಡುವ ಈ ರೀತಿಯನ್ನು ಬರಹಕ್ಕೇ ಇಳಿಸಿದೆ. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ವಿವಿಪ್ಯಾಟ್ ಯಂತ್ರಗಳ ಚೀಟಿ ಎಣಿಸಬೇಕೆಂದು 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ವಿಜಯಪುರ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ, ಅಂದರೆ 40 ಯಂತ್ರ. ಯಾವ ಮತಗಟ್ಟೆಯವು ಎಂಬುದು ಲಾಟರಿ ಎತ್ತಿ ತೀರ್ಮಾನವಾಗುತ್ತದೆ. ಲಾಟರಿಯ ಕಾರ್ಡು ಬಿಳಿಯದಿರಬೇಕು, ಪೋಸ್ಟ್‌ಕಾರ್ಡ್ ಅಳತೆಯದಿರಬೇಕು, ನಾಲ್ಕು ಮಡಿಕೆ ಮಾಡಬೇಕು, ಡಬ್ಬಿಗೆ ಹಾಕುವ ಮೊದಲು ಅಭ್ಯರ್ಥಿಗಳ ಏಜೆಂಟರಿಗೆ ತೋರಿಸಬೇಕು ಎಂದು ಆಯೋಗದ ಸೂಚನೆಯಲ್ಲಿದೆ. ಒಂದು ಕಾಗದ ಮಡಚುವುದಕ್ಕೆ ಇಷ್ಟು ಬರೆಯುವ ದೇಶದಲ್ಲಿ, ಬ್ಯಾಂಕಿನ ವ್ಯವಹಾರವೂ ಮೊಬೈಲ್ ಮಾತುಕತೆಯೂ ನೆಚ್ಚಿಕೊಂಡ ಯಂತ್ರಕ್ಕೆ ಒಂದು ವಾಕ್ಯ ಸಾಕೇ?

ಸಾಲದೆ ಹೋದಾಗ ಏನಾಗುತ್ತದೆ ಎಂಬುದನ್ನು ಜಗತ್ತು ಕಂಡಿದೆ. 2012ರಲ್ಲಿ ಗೂಢಲಿಪಿ ಸಂಶೋಧಕಿ ನಾಡಿಯಾ ಹೆನಿಂಗರ್ ಮತ್ತು ಸಂಗಡಿಗರು ಅಂತರ್ಜಾಲದಲ್ಲಿ ಬಹಿರಂಗವಾಗಿ ಸಿಗುವ ಕೀಲಿಕೈಗಳನ್ನೆಲ್ಲ ಕೂಡಿಹಾಕಿದರು. ಆರ್‌ಎಸ್‌ಎ ಪದ್ಧತಿಯಲ್ಲಿ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಗುಣಲಬ್ಧವನ್ನು ಹೊರಗಿಡುತ್ತಾರೆ, ಆ ಎರಡನ್ನು ಗುಟ್ಟಾಗಿಡುತ್ತಾರೆ. ಗುಣಲಬ್ಧ ಒಡೆಯುವುದು ಅಸಾಧ್ಯವೆನ್ನುವಷ್ಟು ಕಷ್ಟ. ಆದರೆ ಎರಡು ಯಂತ್ರಗಳು ಒಂದೇ ಅವಿಭಾಜ್ಯವನ್ನು ಆರಿಸಿಕೊಂಡರೆ? 143 ಮತ್ತು 187 ತೆಗೆದುಕೊಳ್ಳಿ. 187ರಲ್ಲಿ 143 ಕಳೆದರೆ 44. 143ರಲ್ಲಿ 44ನ್ನು ಮೂರು ಸಲ ಕಳೆದರೆ 11. 44ರಲ್ಲಿ 11 ಪೂರ್ತಿ ಹೋಗುತ್ತದೆ. ಹೈಸ್ಕೂಲಿನಲ್ಲಿ ಕಲಿತ ಮ.ಸಾ.ಅ. ಇಷ್ಟೇ. ಎರಡರ ಗುಟ್ಟೂ ಹೊರಬಿತ್ತು: 11×13, 11×17. ಇದೇ ಲೆಕ್ಕದಿಂದ ಅವರು ತಾವು ನೋಡಿದ, ಟಿಎಲ್‌ಎಸ್ ಎಂಬ ಗುಪ್ತ ಸಂಪರ್ಕ ಪದ್ಧತಿ ಬಳಸುವ ಯಂತ್ರಗಳಲ್ಲಿ ಶೇ 0.50ರಷ್ಟರ ಗುಪ್ತ ಕೀಲಿಕೈ ಪಡೆದರು. ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ನನ್ನ ಪೆಟ್ಟಿಗೆಯಂಥವೇ: ರೂಟರ್, ಫೈರ್‌ವಾಲ್. ಕೀಬೋರ್ಡ್ ಇಲ್ಲ, ಮೌಸ್ ಇಲ್ಲ, ಮೊದಲ ಸಲ ಚಾಲೂ ಆದ ಕೂಡಲೇ ಕೀಲಿಕೈ ಬೇಕು.

ಚಿಪ್ಪಿಗೆ ಭದ್ರತೆಯ ಪ್ರಮಾಣಪತ್ರ ಇದೆಯಲ್ಲ ಎಂದು ನೀವು ಹೇಳಬಹುದು. ತೈವಾನ್ ಸರ್ಕಾರ ನಾಗರಿಕರಿಗೆ ಕೊಟ್ಟ ಡಿಜಿಟಲ್ ಕಾರ್ಡುಗಳಿಗೂ ಅಂತರರಾಷ್ಟ್ರೀಯ ಪ್ರಮಾಣಪತ್ರಗಳಿದ್ದವು. 2013ರಲ್ಲಿ ಸಂಶೋಧಕರು 20 ಲಕ್ಷಕ್ಕೂ ಹೆಚ್ಚು ಕೀಲಿಕೈಗಳನ್ನು ತಪಾಸಣೆ ಮಾಡಿ 184ನ್ನು ಒಡೆದು ತೋರಿಸಿದರು. ಕೆಲವು ಅವಿಭಾಜ್ಯಗಳಲ್ಲಿ ಕೆಲವೇ ಅಂಕಿಗಳು ಸಾಲುಗಟ್ಟಿ ಮರುಕಳಿಸಿದ್ದವು. ಕಾರ್ಡಿನೊಳಗಿನ ಜನರೇಟರ್ ಎಲ್ಲೋ ಸಿಕ್ಕಿಕೊಂಡು ಒಂದೇ ರಾಗ ಹಾಡಿತ್ತು.

ಡ್ರೈವರ್ ಬರೆಯುವವರ ಮೇಜಿನ ಬಳಿ ಒಂದು ನಿಮಿಷ ಬನ್ನಿ. ಲಿನಕ್ಸ್‌ನಲ್ಲಿ ಇಂಥ ಜನರೇಟರ್‌ಗೆ ಡ್ರೈವರ್ ಬರೆದರೆ ‘ಕ್ವಾಲಿಟಿ’ ಎಂಬ ಒಂದು ಖಾನೆ ಇರುತ್ತದೆ. ಈ ಜನರೇಟರಿನಿಂದ 1024 ಬಿಟ್ ತೆಗೆದುಕೊಂಡರೆ ನಿಜವಾದ ಎಂಟ್ರೋಪಿ, ಅಂದರೆ ಯಾರೂ ಮೊದಲೇ ಹೇಳಲಾಗದ ಅಂಶ, ಎಷ್ಟು ಬಿಟ್ ಎಂದು ಅಲ್ಲಿ ಬರೆಯಬೇಕು. ಆ ಸಂಖ್ಯೆ ಗೊತ್ತಿರುವುದು ಸರ್ಕಿಟ್ ಅಳೆದವರಿಗೆ. ಕೈಪಿಡಿಯಲ್ಲಿ ಅದಿಲ್ಲದಿದ್ದರೆ ನಾವು ಏನು ತುಂಬಬೇಕು? ಹಿಂದೆ ಈ ಖಾನೆ ಖಾಲಿ ಬಿಟ್ಟರೆ ಲಿನಕ್ಸ್ ಆ ಜನರೇಟರನ್ನು ಎಂಟ್ರೋಪಿಯ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಈಗ ಖಾಲಿ ಬಿಟ್ಟರೆ ಪೂರ್ತಿ 1024 ಎಂದು ನಂಬುತ್ತದೆ. ಎರಡೂ ಊಹೆಯೇ. ಕೋಟಿಗಟ್ಟಲೆ ಯಂತ್ರಗಳ ಭದ್ರತೆ ನಿಮ್ಮ ಒಂದು ಅಂಕಿ ಇಲ್ಲದೆ ಊಹೆಯ ಮೇಲೆ ನಿಂತಿದೆ.

2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ನಮ್ಮ ಕಾಲೇಜು ಹುಡುಗರ ಕೈಯಲ್ಲೆಲ್ಲ ಓಡಾಡಿದೆ. ಅದರ ಬಿಸಿಎಂ2835 ಚಿಪ್ಪಿನ ಬಿಡಿಭಾಗಗಳ ಬಗ್ಗೆ ಬ್ರಾಡ್‌ಕಾಮ್ ಪ್ರಕಟಿಸಿದ ಕೈಪಿಡಿಯಲ್ಲಿ ರ‍್ಯಾಂಡಮ್ ಜನರೇಟರಿನ ಅಧ್ಯಾಯವೇ ಇಲ್ಲ. ಆದರೂ ಲಿನಕ್ಸ್‌ನಲ್ಲಿ ಅದಕ್ಕೊಂದು ಡ್ರೈವರ್ ಇದೆ. ಜನರೇಟರ್ ಬಿಸಿಯಾಗುವವರೆಗೆ ಮೊದಲ 2,62,144 ಸಂಖ್ಯೆಗಳನ್ನು ಚೆಲ್ಲಿಬಿಡು ಎಂದು ಅದರಲ್ಲಿದೆ. ಮೊದಮೊದಲು ಬರುವವು ಅಷ್ಟು ರ‍್ಯಾಂಡಮ್ ಅಲ್ಲ ಎಂಬ ಟಿಪ್ಪಣಿಯೂ ಇದೆ. ಎಷ್ಟು ಕಡಿಮೆ, ಯಾಕೆ ಕಡಿಮೆ, ಇಷ್ಟು ಚೆಲ್ಲಿದರೆ ಯಾಕೆ ಸಾಕು ಎಂಬ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲಿಲ್ಲ. ಆ ಟಿಪ್ಪಣಿ ಓದಿದ್ದ ನಾನು ನನ್ನ ಚಿಪ್ಪಿಗೂ ಹೀಗೇ ಇರಬಹುದೆಂದು ಮೊದಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ದೊಡ್ಡ ಯಂತ್ರಗಳೂ ಹೊರತಲ್ಲ. 2019ರ ಜುಲೈನಲ್ಲಿ ಎಎಂಡಿಯ ಹೊಸ ರೈಜೆನ್ 3000 ಪ್ರೊಸೆಸರ್ ಕೊಂಡವರಲ್ಲಿ ಹಲವರಿಗೆ ಲಿನಕ್ಸ್ ಬೂಟ್ ಆಗಲಿಲ್ಲ. ರ‍್ಯಾಂಡಮ್ ಸಂಖ್ಯೆ ಕೊಡು ಎಂದು ಕೇಳಿದರೆ ಪ್ರೊಸೆಸರ್ ಪ್ರತಿ ಸಲವೂ ಎಲ್ಲ ಬಿಟ್‌ಗಳೂ 1 ಆಗಿರುವ ಸಂಖ್ಯೆಯನ್ನೇ ಕೊಡುತ್ತಿತ್ತು. ಕೆಲಸ ಸರಿಯಾಗಿ ಆಯಿತು ಎಂಬ ಬಾವುಟವನ್ನೂ ಜೊತೆಗೇ ಎತ್ತುತ್ತಿತ್ತು. ಬಯಾಸ್ ಬದಲಿಸಿ ಅದನ್ನು ಸರಿಪಡಿಸಿದರು. ಬೂಟ್ ನಿಂತಿತು, ಅದಕ್ಕೇ ಜನರಿಗೆ ಗೊತ್ತಾಯಿತು. ನಿಲ್ಲದಿದ್ದರೆ ಅದೇ ಸಂಖ್ಯೆಯಿಂದ ಎಷ್ಟು ಕೀಲಿಕೈಗಳು ಹುಟ್ಟುತ್ತಿದ್ದವೋ.

ಚೆನ್ನಾಗಿ ಬರೆದವರೂ ಇದ್ದಾರೆ, ಅವರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. 1999ರಲ್ಲಿ ಇಂಟೆಲ್ ತನ್ನ ಚಿಪ್‌ಸೆಟ್‌ನಲ್ಲಿ ಇಂಥದ್ದೊಂದು ಜನರೇಟರ್ ಇಟ್ಟಾಗ ಹೊರಗಿನ ಗೂಢಲಿಪಿ ತಜ್ಞರಿಂದ ಅದನ್ನು ಪರೀಕ್ಷೆ ಮಾಡಿಸಿ ವರದಿಯನ್ನು ಎಲ್ಲರ ಮುಂದೆ ಇಟ್ಟಿತು. ರೆಸಿಸ್ಟರ್‌ನೊಳಗಿನ ಬಿಸಿಯ ಗದ್ದಲ ಒಂದು ನಿಧಾನದ ಆಸಿಲೇಟರನ್ನು ಅಲುಗಿಸುತ್ತದೆ, ಅದು ವೇಗದ ಇನ್ನೊಂದು ಆಸಿಲೇಟರನ್ನು ಅಳೆಯುತ್ತದೆ ಎಂದು ಬಿಡಿಸಿ ಹೇಳಿದ್ದರು. 2003ರ ವಿಐಎ ಪ್ರೊಸೆಸರಿನ ಜನರೇಟರ್ ಬಗ್ಗೆಯೂ ಅಂಥದ್ದೇ ವರದಿ ಬಂತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಮಜುಮ್ದಾರ್ ಅವರ ತಂಡ ಅಣುವಿನಷ್ಟು ತೆಳುವಾದ ಪದರಗಳನ್ನು ಜೋಡಿಸಿ, ಅವುಗಳ ನಡುವೆ ಎಲೆಕ್ಟ್ರಾನ್‌ಗಳ ಗೊತ್ತುಗುರಿಯಿಲ್ಲದ ಓಡಾಟದಿಂದ ಸಂಖ್ಯೆ ಪಡೆಯುವ ಸಾಧನ ಮಾಡಿ 2022ರಲ್ಲಿ ಪ್ರಕಟಿಸಿತು. ಒಂದು ಬಿಟ್‌ಗೆ 0.98ರಷ್ಟು ಕನಿಷ್ಠ ಎಂಟ್ರೋಪಿ ಎಂದು ಅಳೆದೂ ತೋರಿಸಿತು. ನಾನು ಕೇಳುತ್ತಿರುವ ಅಂಕಿ ಅದೇ. ಪ್ರಯೋಗಾಲಯದವರು ಕೊಟ್ಟಿದ್ದಾರೆ, ಅಂಗಡಿಯಲ್ಲಿ ಮಾರುವ ಚಿಪ್ಪಿನ ಜೊತೆ ಯಾಕೆ ಬರಬಾರದು?

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ರಿಸ್ಕ್-ಫೈವ್ ಎಂಬ ಮುಕ್ತ ಪ್ರೊಸೆಸರ್ ವಿನ್ಯಾಸಕ್ಕೆ 2021ರಲ್ಲಿ ಅಂತಿಮಗೊಂಡ ಗೂಢಲಿಪಿ ನಿಯಮಗಳಲ್ಲಿನ ‘ಸೀಡ್’ ರಿಜಿಸ್ಟರ್. ಅದನ್ನು ಓದಿದರೆ ಯಂತ್ರ ನಾಲ್ಕರಲ್ಲಿ ಒಂದು ಉತ್ತರ ಕೊಡುತ್ತದೆ: ‘ನನ್ನನ್ನು ನಾನೇ ಪರೀಕ್ಷಿಸಿಕೊಳ್ಳುತ್ತಿದ್ದೇನೆ’, ‘ತಡಿ, ಇನ್ನೂ ಆಗಿಲ್ಲ’, ‘ಇಗೋ 16 ಬಿಟ್, ತಗೋ’, ‘ನಾನು ಸತ್ತಿದ್ದೇನೆ, ನಂಬಬೇಡ’. ನನ್ನ ಪೆಟ್ಟಿಗೆಯ ಕತೆಯೆಲ್ಲ ಆ ಎರಡನೆಯ ಉತ್ತರದಲ್ಲಿದೆ. ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕ್‌ನ ವೇಗಾ ಪ್ರೊಸೆಸರ್‌ಗಳು ಇದೇ ರಿಸ್ಕ್-ಫೈವ್ ಮನೆತನದವು. ನಮ್ಮ ದೇಶದ ಚಿಪ್ ನಮ್ಮ ಹೊಲಕ್ಕೆ ಬರುವ ದಿನ ಅದರ ಕೈಪಿಡಿ ಮೇಲ್ಪಂಕ್ತಿಯಾಗಿರಲಿ ಎಂಬ ಆಸೆ ನನ್ನದು.

ವ್ಯಾಪಾರದ ಗುಟ್ಟು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೀಲಿಕೈ ಒಂದನ್ನು ಬಿಟ್ಟು ಉಳಿದದ್ದೆಲ್ಲ ಶತ್ರುವಿಗೆ ಗೊತ್ತಾದರೂ ಬೀಗ ತಡೆಯಬೇಕು ಎಂದು ಗೂಢಲಿಪಿ ತಜ್ಞ ಕೆರ್ಕ್‌ಹಾಫ್ಸ್ 1883ರಲ್ಲೇ ಹೇಳಿದ್ದಾರೆ. ಗುಟ್ಟು ಕಾಯುವ ಒಪ್ಪಂದಕ್ಕೆ ರುಜು ಹಾಕಿದರೆ ಕಾಗದ ಕೊಡುತ್ತೇವೆ ಎನ್ನುವ ಕಂಪನಿಗಳಿವೆ. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟುವ ಬಳಗದವರು ಅಂಥದ್ದಕ್ಕೆ ರುಜು ಹಾಕುವುದೇ ಇಲ್ಲ. ಅವರು ಮಾಡುವುದೇ ಸರಿ. ನನ್ನ ಡ್ರೈವರ್ ಎಲ್ಲರೂ ಓದುವಂಥದ್ದು. ಯಾಕೆ ಇಷ್ಟು ಹೊತ್ತು ಕಾಯುತ್ತೇನೆ ಎಂಬ ಕಾರಣವನ್ನು ಅದರಲ್ಲಿ ಬರೆಯುವ ಹಾಗಿಲ್ಲ ಎಂದರೆ ನಾಳೆ ಇನ್ನೊಬ್ಬ ಬಂದು, ಈ ಕಾಯುವಿಕೆ ವ್ಯರ್ಥವೆಂದು ಅಳಿಸಿಹಾಕುತ್ತಾನೆ.

ಹಾಗಾದರೆ ನಾನು ಕೇಳುವುದು ಏನು? ಗದ್ದಲ ಎಲ್ಲಿಂದ ಬರುತ್ತದೆ ಎಂದು ಬರೆಯಿರಿ. ಅದನ್ನು ಸೋಸುವ, ಕಲಸುವ ಮೊದಲಿನ ಹಸಿ ಬಿಟ್‌ಗಳನ್ನು ನಾವೂ ಓದಿ ಅಳೆಯುವಂತೆ ಒಂದು ದಾರಿ ಬಿಡಿ. ಚಾಲೂ ಆದ ಮೇಲೆ ಎಷ್ಟು ಹೊತ್ತು ಕಾಯಬೇಕು, ನಿದ್ದೆಗೆ ಹೋಗಿ ಎದ್ದ ಮೇಲೆ ಮತ್ತೆ ಕಾಯಬೇಕೇ, ವೇಗ ಮೀರಿ ಓದಿದರೆ ಹಳೆಯ ಸಂಖ್ಯೆಯೇ ಮರಳಿ ಬರುತ್ತದೆಯೇ, ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳೇ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2018ರಲ್ಲಿ ಹೊರಡಿಸಿದ ನಿಯಮದಲ್ಲಿ ಒಂದೇ ಸಂಖ್ಯೆ ಮೇಲಿಂದ ಮೇಲೆ ಬಂದರೆ ಎಚ್ಚರಿಸುವ ಪರೀಕ್ಷೆ ಇದೆ. ಬಿಟ್ಟೊಂದಕ್ಕೆ ಪೂರ್ತಿ ಒಂದು ಬಿಟ್ ಎಂಟ್ರೋಪಿ ಎಂದು ಹೇಳಿಕೊಳ್ಳುವ ಮೂಲದಲ್ಲಿ ಒಂದೇ ಬಿಟ್ 21 ಸಲ ಸಾಲಾಗಿ ಬಂದರೆ, ಸುಳ್ಳು ಎಚ್ಚರಿಕೆಯ ಸಂಭವವನ್ನು ಎರಡರ ಇಪ್ಪತ್ತನೆಯ ಘಾತದಲ್ಲಿ ಒಂದರಷ್ಟಕ್ಕೆ ಬಿಗಿ ಮಾಡಿದಾಗ, ಗಂಟೆ ಹೊಡೆಯಬೇಕು. ಆ ಪರೀಕ್ಷೆ ನಿಮ್ಮ ಚಿಪ್ಪಿನಲ್ಲಿದೆಯೇ ಇಲ್ಲವೇ ಎಂಬುದಕ್ಕೆ ಒಂದು ಸಾಲು ಸಾಕು.

ಇನ್ನೊಂದು ಮಾತು ನಮ್ಮ ನೆಲದ್ದು. ನನ್ನ ಪೆಟ್ಟಿಗೆ ತಗಡಿನ ಡಬ್ಬಿಯಲ್ಲಿ, ಕಬ್ಬಿಣದ ಕಂಬದ ಮೇಲೆ, ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲುತ್ತದೆ. ಡಬ್ಬಿ ಕೈಯಿಂದ ಮುಟ್ಟಲಾಗದಷ್ಟು ಕಾಯುತ್ತದೆ. ಸುತ್ತಲಿನ ಬೋರ್‌ಗಳೆಲ್ಲ ಒಟ್ಟಿಗೆ ಚಾಲೂ ಆದರೆ ವೋಲ್ಟೇಜ್ ಕುಸಿಯುತ್ತದೆ. ಗದ್ದಲದಿಂದ ಸಂಖ್ಯೆ ತೆಗೆಯುವ ಸರ್ಕಿಟ್‌ಗೆ ಬಿಸಿ ಮತ್ತು ವೋಲ್ಟೇಜ್ ಎರಡೂ ನಾಟುತ್ತವೆ. 25 ಡಿಗ್ರಿಯ ಕೋಣೆಯಲ್ಲಿ ಅಳೆದ ಅಂಕಿಯ ಜೊತೆಗೆ 70 ಡಿಗ್ರಿಯದ್ದನ್ನೂ ಕೊಡಿ.

ನನ್ನ 24 ಪೆಟ್ಟಿಗೆಗಳು ಈಗ ತೋಟಗಳಲ್ಲಿವೆ. ಪ್ರತಿಯೊಂದೂ ಚಾಲೂ ಆದಾಗ ನೀವು ಹೆಸರಿಡದ ಆ ಬಿಟ್ ಒಂದಾಗುವವರೆಗೆ ಕಾಯುತ್ತದೆ. ಅದು ಕಾಯಬೇಕಾದ ಬಿಟ್ ಹೌದೆಂದು ನಾನು ಅಂದಾಜು ಮಾಡಿದ್ದೇನೆ, ನೀವು ಹೇಳಿಲ್ಲ. ಚಿಪ್ಪಿನ ಮುಂದಿನ ತಯಾರಿಕೆಯಲ್ಲಿ ಆ ಮನೆಯ ಅರ್ಥ ಬದಲಾದರೆ ನನಗೆ ತಿಳಿಯುವ ದಾರಿ ಇಲ್ಲ. ಕೈಪಿಡಿಯ ಮುಂದಿನ ಆವೃತ್ತಿ ಹೊರಡಿಸುವ ಮೊದಲು ದಯವಿಟ್ಟು ಆ ಅರ್ಧ ಪುಟ ತೆರೆಯಿರಿ. ‘ರಿಸರ್ವ್ಡ್’ ಎಂಬ ಪದ ತೆಗೆದು, ಅಲ್ಲಿರುವುದನ್ನು ಇದ್ದಂತೆಯೇ ಬರೆಯಿರಿ.

ಇತಿ ನಿಮ್ಮವ,
ಇಟ್ಟಂಗಿಹಾಳದಿಂದ ಒಬ್ಬ ಡ್ರೈವರ್ ಬರೆಯುವವ